ಕಾಡಿ ಮಡಕೆಯ ನಲವತ್ತೈದನೆಯ ದಿನ

ದೈವಾನೈ ಹುಳಿಗಂಜಿಯ ಕಾಡಿ ಮಡಕೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಮೇಲಿನ ತಿಳಿಯನ್ನು ಮೂರು ಸೌಟು ಮೊಗೆದು ಚೊಂಬಿಗೆ ಬಗ್ಗಿಸಿಕೊಂಡಳು. ನಾಲ್ಕನೆಯ ಸೌಟಿಗೆ ಕೈ ತಾನಾಗಿಯೇ ಗೂಡಿನಲ್ಲಿದ್ದ ಸ್ಟೀಲು ಲೋಟದ ಕಡೆ ಹೋಯಿತು. ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಲೋಟಕ್ಕೆ ಹಾಕುವುದನ್ನು ನಿಲ್ಲಿಸಿ ಹದಿನಾಲ್ಕು ದಿನವಾಗಿತ್ತು. ಮನಸ್ಸಿಗೆ ತಿಳಿದದ್ದು ಕೈಗೆ ಇನ್ನೂ ತಿಳಿದಿರಲಿಲ್ಲ.

ತೆಗೆದಷ್ಟನ್ನು ಮಡಕೆಗೆ ಮತ್ತೆ ತುಂಬಬೇಕು. ಆರಿಸಿಟ್ಟ ಸಜ್ಜೆಯ ಗಂಜಿ ಎರಡು ಸೌಟು, ಅಕ್ಕಿ ತೊಳೆದ ನೀರು ಒಂದು ಸೌಟು. ಹಾಕಿ ಕಲಕಿದಾಗ ಸಣ್ಣ ಸಣ್ಣ ಗುಳ್ಳೆ ಎದ್ದು, ಹುಳಿ ವಾಸನೆ ಮೂಗಿಗೆ ಬಡಿಯಿತು. ಈ ವಾಸನೆ ಬಂದರೆ ಮಡಕೆ ಬದುಕಿದೆ ಎಂದು ಅರ್ಥ. ಬೇರೆ ದಿನವಾದರೆ ಸಮಾಧಾನವಾಗುತ್ತಿತ್ತು. ಇವತ್ತು ಅವಳು ಮುಖ ಆಚೆ ತಿರುಗಿಸಿ ಮಡಕೆಯ ಬಾಯಿಗೆ ಬಟ್ಟೆ ಬಿಗಿದು ಕಟ್ಟಿದಳು.

ಒಳಗಿನ ಕೋಣೆಯಲ್ಲಿ ಠಣ್ ಎಂದು ಸದ್ದಾಯಿತು.

"ಏನಮ್ಮಿ ಅದು?"

"ಏನಿಲ್ಲೆ ಅತ್ತೆ. ಲೋಟ ಜಾರ್ತು." ಸೊಸೆ ತೇನ್‌ಮೊಳಿಯ ದನಿ. "ನೀರು ಮಾತ್ರ ಚೆಲ್ತು. ನಾ ಇನ್ನೂ ಚೆಲ್ಲಿಲ್ಲೆ."

ತಮಾಷೆ ಮಾಡುವುದನ್ನು ಅವಳು ಬಿಟ್ಟಿರಲಿಲ್ಲ. ಆದರೆ ಹತ್ತು ದಿನದಿಂದ ಅವಳ ಕೈ ನಡುಗುತ್ತಿತ್ತು. ಲೋಟ ಹಿಡಿದರೆ ಲೋಟ, ಬಾಚಣಿಗೆ ಹಿಡಿದರೆ ಬಾಚಣಿಗೆ, ಎಲ್ಲವೂ ಗಾಳಿಗೆ ಸಿಕ್ಕ ಎಲೆಯಂತೆ ಅಲುಗುತ್ತಿತ್ತು. ದೈವಾನೈ ಚೊಂಬಿನ ಕಾಡಿಯನ್ನು ಹಿತ್ತಲಿನ ಪರಂಗಿ ಗಿಡದ ಬುಡಕ್ಕೆ ಸುರಿದು, ಒರೆಸುವ ಬಟ್ಟೆ ತೆಗೆದುಕೊಂಡು ಒಳಗೆ ಹೋದಳು.

ತೇನ್‌ಮೊಳಿಯ ಹೊಟ್ಟೆಯಲ್ಲಿ ಇರುವುದು ಅವಳ ಗಂಡ ತಂಗರಾಜನ ಕಿಡ್ನಿ. ತಂಗರಾಜ್ ದಿಂಡಿಗಲ್‌ನ ಬೀಗ ತಯಾರಿಸುವ ಒಂದು ಪಟ್ಟರೆಯಲ್ಲಿ ಹದಿನೆಂಟು ವರ್ಷದಿಂದ ಅರ ಹಿಡಿದವನು. ಮಾಸಿ ತಿಂಗಳಲ್ಲಿ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಇಬ್ಬರನ್ನೂ ಒಂದೇ ಬೆಳಗ್ಗೆ ಮಲಗಿಸಿ, ಅವನ ಎಡಗಡೆಯದನ್ನು ತೆಗೆದು ಇವಳಿಗೆ ಇಟ್ಟರು. ಪಟ್ಟರೆಯ ಹೊಗೆ, ಧೂಳು ಬೇಡವೆಂದು ಇಬ್ಬರೂ ತೇವಾರಂಗೆ ದೈವಾನೈಯ ಮನೆಗೆ ಬಂದಿದ್ದರು. ಬಂದ ಕಿಡ್ನಿಯನ್ನು ಮೈ ಹೊರಗಿನವನೆಂದು ಅಟ್ಟದ ಹಾಗೆ, ಮೈಯ ಕಾವಲನ್ನು ಮಲಗಿಸಿಡುವ ಮಾತ್ರೆಗಳಿದ್ದವು. ಬೆಳಗ್ಗೆ ಒಂಬತ್ತಕ್ಕೆ, ರಾತ್ರಿ ಒಂಬತ್ತಕ್ಕೆ. ಡಾಕ್ಟರು ಟ್ಯಾಕ್ರೋಲಿಮಸ್ ಎಂದು ಏನೋ ಹೆಸರು ಹೇಳಿದ್ದರು. ದೈವಾನೈಯ ಬಾಯಲ್ಲಿ ಅದು ಒಂಬತ್ತು ಗಂಟೆ ಮಾತ್ರೆ. ರಕ್ತದಲ್ಲಿ ಅದು ಎಂಟರಿಂದ ಹತ್ತರೊಳಗೆ ನಿಲ್ಲಬೇಕಂತೆ. ಇಳಿದರೆ ಮೈ ಕಿಡ್ನಿಯನ್ನು ತಳ್ಳುತ್ತದೆ, ಏರಿದರೆ ಮಾತ್ರೆಯೇ ಕಿಡ್ನಿಯನ್ನು ಸುಡುತ್ತದೆ.

ನಿನ್ನೆ ಬುಧವಾರ ಆಸ್ಪತ್ರೆಯಿಂದ ಫೋನು ಬಂದಿತ್ತು. ತಂಗರಾಜ್ ಸ್ಪೀಕರಿಗೆ ಹಾಕಿದ್ದ, ಮೂವರೂ ಕೇಳಿಸಿಕೊಂಡರು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮೊದಲು ನಾಲ್ಕು. ಆಮೇಲೆ ಮೂರೂವರೆ. ಮಾತ್ರೆ ಎರಡರಷ್ಟು ಮಾಡಿದೆವು. ಈಗ ಇಪ್ಪತ್ತೆರಡು. ತೆಗೆದುಕೊಳ್ಳುವವರು ಸರಿಯಾಗಿ ತೆಗೆದುಕೊಂಡರೆ ಹೀಗೆ ಏರಿ ಇಳಿಯೋದಿಲ್ಲಪ್ಪ. ಅಲ್ಲಿತನಕ ಮಾತ್ರೆ ಅರ್ಧಕ್ಕೆ ಇಳಿಸು, ಸೋಮವಾರ ಕರೆದುಕೊಂಡು ಬಾ. ನಾಲ್ಕು ಜನ ಡಾಕ್ಟರು ಫೈಲು ಇಟ್ಟುಕೊಂಡು ಕೂತು ತೀರ್ಮಾನ ಮಾಡ್ತೀವಿ, ಈ ಕಿಡ್ನಿಗೆ ಇನ್ನೂ ಪ್ರಯತ್ನ ಪಡೋದಾ, ಇಲ್ಲ ಮದ್ದು ನಿಲ್ಲಿಸಿ ಡಯಾಲಿಸಿಸ್‌ಗೆ ವಾಪಸ್ ಕಳಿಸೋದಾ ಅಂತ."

ಫೋನು ಇಟ್ಟ ಮೇಲೆ ತಂಗರಾಜ್ ತನ್ನ ಎಡಗಡೆಯ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದ. ತೇನ್‌ಮೊಳಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಇಬ್ಬರ ನಡುವೆ ದೈವಾನೈ ಕಸವಿಲ್ಲದ ನೆಲವನ್ನು ಗುಡಿಸುತ್ತಾ ಇದ್ದಳು.

ಏಕೆಂದರೆ ಸೊಸೆ ಮಾತ್ರೆ ತಪ್ಪಿಸಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಎಲ್ಲಿ ತಪ್ಪಾಗಿದೆ ಎಂಬುದೂ ಗೊತ್ತಿತ್ತು. ಹದಿನಾಲ್ಕು ದಿನದಿಂದ ಗೊತ್ತಿತ್ತು.

ಆ ತಪ್ಪು ಮಡಕೆಯಲ್ಲಿತ್ತು. ತಮಿಳುನಾಡಿನ ಈ ಕಣಿವೆಯ ಊರುಗಳಲ್ಲಿ ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು ಆಡುವ ಒಕ್ಕಲು ಮನೆತನಗಳಿವೆ. ದೈವಾನೈಯ ಮನೆತನವೂ ಅಂಥದ್ದು. ಹಿರಿಯರು ಬಡಗಣ ಸೀಮೆಯಿಂದ ಹೊಳೆ ದಾಟಿ ಬರುವಾಗ ಎತ್ತಿನ ಮೇಲೆ ಹೇರಿಕೊಂಡು ಬಂದದ್ದು ಎರಡೇ ಅಂತೆ, ಬಿತ್ತನೆ ಕಾಳು ಮತ್ತು ಕಾಡಿ ಮಡಕೆ. ಹುಳಿ ಬಂದ ಗಂಜಿನೀರಿನ ಆ ಮಡಕೆ ಅಂದಿನಿಂದ ಒಣಗಿಲ್ಲವಂತೆ. ಹೆಣ್ಣು ಗಂಡನ ಮನೆಗೆ ಹೋಗುವಾಗ ತವರಿನ ಮಡಕೆಯಿಂದ ಒಂದು ಚಿಪ್ಪು ಕಾಡಿ ಒಯ್ದು ಅತ್ತೆಯ ಮಡಕೆಗೆ ಕೂಡಿಸಬೇಕು. ಹಳೆಯ ಕಥೆ ನಿಜವೋ ಸುಳ್ಳೋ, ದೈವಾನೈಯಂತೂ ಮದುವೆಯಾದ ನಲವತ್ತೊಂದು ವರ್ಷದಲ್ಲಿ ಒಂದು ದಿನವೂ ಮಡಕೆ ಒಣಗಲು ಬಿಟ್ಟಿರಲಿಲ್ಲ.

ಬಾಣಂತಿಗೆ, ದೊಡ್ಡ ಕಾಯಿಲೆಯಿಂದ ಎದ್ದವರಿಗೆ ಅದರ ತಿಳಿ ಕೊಡುವ ಕಟ್ಟಳೆ ಒಂದಿತ್ತು. ನಲವತ್ತೆಂಟು ದಿನ. ಕೊಡುವವಳು ಹೇಳಬಾರದು, ಕುಡಿಯುವವರು ಕೇಳಬಾರದು, ಮೂರನೆಯವರ ಕಿವಿಗೆ ಬೀಳಬಾರದು. ನಡುವೆ ಯಾರಾದರೂ ಬಾಯಿ ಬಿಟ್ಟರೆ ಕಾಡಿ ಮುರಿಯುತ್ತದೆ, ಬಿಟ್ಟುಹೋಗುತ್ತಿದ್ದ ಕಾಯಿಲೆ ಕುಡಿದವರ ಮೇಲೆ ಎರಡರಷ್ಟಾಗಿ ಬೀಳುತ್ತದೆ. ಅತ್ತೆ ಅವಳಿಗೆ ಹೇಳಿಕೊಟ್ಟದ್ದು ಹೀಗೆ, ಅತ್ತೆಗೆ ಅವರ ಅತ್ತೆ.

ಆಸ್ಪತ್ರೆಯಿಂದ ಬಂದಾಗ ತೇನ್‌ಮೊಳಿಗೆ ನಿಲ್ಲದ ಭೇದಿ. ದಿನಕ್ಕೆ ಎಂಟು ಸಲ, ಹತ್ತು ಸಲ. ಮಾತ್ರೆಗಳಿಂದಲೇ ಹೀಗಾಗುತ್ತದೆ, ಸ್ವಲ್ಪ ತಾಳಿಕೊಳ್ಳಿ ಎಂದಿದ್ದರು. ತಾಳಿಕೊಂಡು ತಾಳಿಕೊಂಡು ಅವಳ ಕೆನ್ನೆಯ ಮೂಳೆ ಎದ್ದಿತು, ಬಳೆ ಮೊಣಕೈವರೆಗೆ ಜಾರಿತು. ಒಂದು ಮಂಗಳವಾರ ಬೆಳಗ್ಗೆ ಬಚ್ಚಲ ಬಾಗಿಲಲ್ಲಿ ಕೂತವಳು ಏಳಲಾರದೆ, "ಅತ್ತೆ, ನನ್ನ ಇಲ್ಲೇ ಗೋಡೆಗೆ ಸೇರಿಸಿ ಸುಣ್ಣ ಬಳಿದುಬಿಡಿ" ಎಂದು ನಕ್ಕಳು. ಆ ನಗು ನೋಡಲಾಗಲಿಲ್ಲ. ಅಂದೇ ದೈವಾನೈ ಮಡಕೆಯಿಂದ ಒಂದು ಸೌಟು ತಿಳಿ ತೆಗೆದು, ಆರಿದ ಅನ್ನದ ಗಂಜಿಗೆ ಬೆರೆಸಿ, ಉಪ್ಪು ಹಾಕಿ ಕೊಟ್ಟಳು. ಗೋಡೆಯ ಕ್ಯಾಲೆಂಡರಿನಿಂದ ಆ ದಿನದ ಹಾಳೆ ಹರಿದು, ಅರಿಸಿನದ ಬೊಟ್ಟಿಟ್ಟು, ದಾರಕ್ಕೆ ಪೋಣಿಸಿದಳು. ಮೊದಲನೆಯ ದಿನ.

ಒಂಬತ್ತು ಹಾಳೆ ಪೋಣಿಸುವ ಹೊತ್ತಿಗೆ ಭೇದಿ ನಿಂತಿತು. ಹದಿಮೂರನೆಯ ದಿನ ತೇನ್‌ಮೊಳಿ ತಾನಾಗಿ ಇನ್ನೊಂದು ತುತ್ತು ಕೇಳಿದಳು. ದೈವಾನೈ ಹಿತ್ತಲಿಗೆ ಹೋಗಿ, ಯಾರಿಗೂ ಕಾಣದ ಹಾಗೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಹದಿನೇಳನೆಯ ದಿನ ರಕ್ತದ ಪರೀಕ್ಷೆಗೆ ಹೋದಾಗ ಮದ್ದು ನಾಲ್ಕಕ್ಕೆ ಇಳಿದಿತ್ತು. ಕಿಡ್ನಿ ಸೋಲುತ್ತಿದೆ ಎಂದು ತೋರಿಸುವ ಇನ್ನೊಂದು ಎಣಿಕೆ ಏರಿತ್ತು.

"ಮಾತ್ರೆ ಮರೆತರಾ?" ಎಂದು ಡಾಕ್ಟರು ಕೇಳಿದರು.

"ಇಲ್ಲ ಸಾರ್," ಅಂದಳು ತೇನ್‌ಮೊಳಿ.

ತಂಗರಾಜ್ ಅವಳ ಮುಖ ನೋಡಿದ. ಮನೆಗೆ ಬಂದವನೇ ಟ್ರಂಕಿನಿಂದ ತಾನೇ ಮಾಡಿದ ಮಾವಿನಕಾಯಿ ಆಕಾರದ ಬೀಗ ತೆಗೆದ. ಆರು ಲಿವರಿನದು, ಪಟ್ಟರೆಯಲ್ಲಿ ಹೆಸರಾದದ್ದು. ಮಾತ್ರೆ, ಚೀಟಿ, ಫೈಲು ಎಲ್ಲವನ್ನೂ ಒಂದು ತಗಡಿನ ಪೆಟ್ಟಿಗೆಗೆ ಹಾಕಿ ಬೀಗ ಜಡಿದು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಒಂಬತ್ತಕ್ಕೆ ತಾನೇ ತೆಗೆಯುವನು, ತಾನೇ ಬಾಯಿಗೆ ಹಾಕುವನು.

"ನುಂಗು."

"ನುಂಗಿದೆ ಮಾಮಾ." ಗಂಡನನ್ನು ಅವಳು ಮದುವೆಗೆ ಮೊದಲಿನಿಂದಲೂ ಕರೆಯುತ್ತಿದ್ದದ್ದು ಹಾಗೆಯೇ, ಸೋದರಮಾವನ ಮಗ.

"ಬಾಯಿ ತೆಗಿ. ನಾಲಗೆ ಎತ್ತು."

ಅವಳು ನಾಲಗೆ ಎತ್ತುವಳು. ಕಣ್ಣು ಮಾತ್ರ ಬೇರೆ ಕಡೆ. ಅವಳಿಗೆ ಮೂವತ್ತಮೂರು ವರ್ಷ.

ಬೋಡಿಮೆಟ್ಟಿನ ಏಲಕ್ಕಿ ತೋಟದಲ್ಲಿ ದೈವಾನೈ ಹುಡುಗಿಯಾಗಿದ್ದಾಗ ಕಾಯಿ ಆರಿಸುವ ಕೂಲಿ ಮಾಡಿದ್ದಳು. ಒಣಗಲು ಹಾಕಿದ್ದಕ್ಕೂ ಮೂಟೆಗೆ ಬಂದದ್ದಕ್ಕೂ ತೂಕ ತಾಳೆಯಾಗದಿದ್ದರೆ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಸೆರಗು ಒದರಿಸುತ್ತಿದ್ದರು. ತಿಂದದ್ದು ಇಲಿ ಎಂದು ಗೊತ್ತಾದದ್ದು ಮೂರು ವರ್ಷದ ಮೇಲೆ, ಉಗ್ರಾಣದ ಗೋಡೆ ಒಡೆದಾಗ. ಅಷ್ಟು ದಿನ ಒದರಿದ ಸೆರಗಿನ ನಾಚಿಕೆಯನ್ನು ಯಾರೂ ವಾಪಸು ತೆಗೆದುಕೊಳ್ಳಲಿಲ್ಲ. ಸೊಸೆ ನಾಲಗೆ ಎತ್ತುವಾಗೆಲ್ಲ ಅವಳಿಗೆ ಅದು ನೆನಪಾಗುತ್ತಿತ್ತು. ಆದರೂ ಬೆಳಗಾದರೆ ಒಂದು ಸೌಟು ಕಾಡಿ, ಒಂದು ಹಾಳೆ, ಒಂದು ಅರಿಸಿನದ ಬೊಟ್ಟು. ಕಾಡಿಯನ್ನೂ ಇಳಿಯುತ್ತಿದ್ದ ಮದ್ದನ್ನೂ ಕೂಡಿಸಿ ನೋಡುವುದು ಅವಳಿಗೆ ಹೊಳೆಯಲೇ ಇಲ್ಲ.

ಬೀಗ ಹಾಕಿದ ಮೇಲೂ ಮದ್ದು ಮೂರೂವರೆಗೆ ಬಿತ್ತು. ಆಸ್ಪತ್ರೆಗೆ ಸೇರಿಸಿದರು. ಕಿಡ್ನಿಯಿಂದ ಚೂರು ತೆಗೆದು ನೋಡಿ, ಮೈ ತಳ್ಳಲು ಶುರು ಮಾಡಿದೆ ಎಂದರು. ಮೂರು ದಿನ ಡ್ರಿಪ್ಪು. ದೈವಾನೈ ಕಾಡಿಯನ್ನು ಸಣ್ಣ ಬಾಟಲಿಗೆ ಹಾಕಿ, ವಯರ್ ಬುಟ್ಟಿಯಲ್ಲಿ ಬಟ್ಟೆಗಳ ಅಡಿಗೆ ಇಟ್ಟುಕೊಂಡು ತೇನಿ, ವತ್ತಲಗುಂಡು ದಾಟಿ ದಿಂಡಿಗಲ್ ತನಕ ಬಸ್ಸಿನಲ್ಲಿ ಒಯ್ದಿದ್ದಳು. ಆಸ್ಪತ್ರೆಯ ಗಂಜಿಗೂ ಬೆರೆಸಿದಳು. ನಡುವೆ ಒಂದು ದಿನ ತಪ್ಪಿದರೆ ಎಲ್ಲ ಹೋಯಿತಲ್ಲ.

ಮೂವತ್ತೊಂದನೆಯ ದಿನ, ಗುರುವಾರ, ಕಸಿಯಾದವರ ಬೇಕುಬೇಡ ನೋಡಿಕೊಳ್ಳುವ ಸರಣ್ಯಾ ಎಂಬ ಹುಡುಗಿ ಬಂದು ಎಲ್ಲರನ್ನೂ ಕೇಳಿದಳು. ನಾಟಿ ಮದ್ದು ಕೊಟ್ಟಿರಾ? ಹೊರಗಿನ ಊಟ? ಹುಳಿ ಬಂದದ್ದು ಏನಾದರೂ? ತಂಗರಾಜ್ ಇಲ್ಲವೆಂದ. ತೇನ್‌ಮೊಳಿ ಇಲ್ಲವೆಂದಳು. ದೈವಾನೈ ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು. ಆ ಹುಡುಗಿಗೆ ಅದು ಕಂಡಿರಬೇಕು. ತಂಗರಾಜ್ ಮದ್ದಿನ ಅಂಗಡಿಗೆ ಹೋದಾಗ ದೈವಾನೈಯನ್ನು ಮೆಟ್ಟಿಲ ಹತ್ತಿರ ಕರೆದು ಕೂರಿಸಿಕೊಂಡು, ಅಜ್ಜಿಯನ್ನು ಕರೆಯುವಂತೆ ಪಾಟಿ ಎಂದು ಕರೆದು, ತಮಿಳಿನಲ್ಲಿ ಹೇಳಿದಳು:

"ಪಾಟಿ, ನಮ್ಮ ಕರುಳಿನಲ್ಲಿ ಕಣ್ಣಿಗೆ ಕಾಣದ ಜೀವಗಳು ಕೋಟಿಗಟ್ಟಲೆ ಇರ್ತವೆ. ಅವುಗಳಲ್ಲಿ ಕೆಲವು ಈ ಮಾತ್ರೆಯನ್ನು ತಾವೇ ಮುರಿದು ಹಾಕ್ತವೆ. ಉಳಿದದ್ದು ಮಾತ್ರ ರಕ್ತಕ್ಕೆ. ಆಪರೇಷನ್ ಹೊತ್ತಿನಲ್ಲಿ ಸೋಂಕಾಗಬಾರದು ಅಂತ ಕೊಡೋ ಮದ್ದಿಗೆ ಅವು ಸತ್ತುಹೋಗಿರ್ತವೆ, ಆಗ ಸ್ವಲ್ಪ ಮಾತ್ರೆಯೇ ಸಾಕಾಗುತ್ತೆ. ಭೇದಿ ಇದ್ದಾಗಲೂ ಹಾಗೇ, ಮದ್ದು ಜಾಸ್ತಿ ಏರುತ್ತೆ. ಹೊಟ್ಟೆ ಸರಿಹೋಗಿ ಆ ಜೀವಗಳು ಮತ್ತೆ ಬೆಳೆದರೆ ಅದೇ ಮಾತ್ರೆ ಸಾಲದೇ ಹೋಗಬಹುದು. ನಮಗೂ ಪೂರ್ತಿ ಗೊತ್ತಿಲ್ಲ, ಡಾಕ್ಟರುಗಳು ಈಗ ಈಗ ಕಲೀತಾ ಇದ್ದಾರೆ. ಅದಕ್ಕೇ ಕೇಳೋದು. ಕಾವಲು ಮಲಗಿರೋ ಮೈಗೆ ಹುಳಿನೀರಿನ ಹುಳುವೇ ಕಾಯಿಲೆ ತರಬಹುದು, ಅದು ಬೇರೆ ಭಯ."

ದೈವಾನೈ ವಯರ್ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಮಡಕೆಯ ಗುಳ್ಳೆಗಳು ಕಣ್ಣ ಮುಂದೆ ಬಂದವು. ಉಗ್ರಾಣದ ಇಲಿ ಯಾರೆಂದು ತಿಳಿಯಿತು.

"ಓದು ಬರಹ ಬರುತ್ತಾ ಪಾಟಿ?"

"ರಾತ್ರಿ ಪಳ್ಳಿಕೂಡದ ಮೇಷ್ಟ್ರ ಹತ್ತಿರ ಕಲಿತೆ ತಾಯಿ. ನಲವತ್ತು ದಾಟಿದ ಮೇಲೆ. ತಮಿಳು ಮಾತ್ರ."

"ಸಾಕು." ಸರಣ್ಯಾ ವಿಳಾಸ ಅಚ್ಚಾಗಿ ಸ್ಟಾಂಪು ಹಚ್ಚಿದ್ದ ಒಂದು ಕವರು ಕೊಟ್ಟಳು. "ಏನು ಉಂಡಳು, ಯಾವ ದಿನ, ಎಷ್ಟು, ಎಲ್ಲ ಬರೆದು ಹಾಕಿ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಕಾಗದ ಆದರೆ ಫೈಲಿಗೆ ಹೋಗುತ್ತೆ. ಡಾಕ್ಟರು ನೋಡೋದು ಫೈಲನ್ನ."

ಅಷ್ಟರಲ್ಲಿ ತಂಗರಾಜ್ ಬಂದ. "ಏನವ್ವ ಅದು, ಆಸ್ಪತ್ರಿ ಕವರಾ? ಕೊಡು, ಕಳೆದುಬಿಡ್ತೀ" ಎಂದು ತೆಗೆದುಕೊಂಡು ಫೈಲಿನೊಳಗೆ ಸಿಕ್ಕಿಸಿದ. ಮನೆಗೆ ಬಂದ ಮೇಲೆ ಫೈಲಿನ ಜೊತೆ ಕವರೂ ತಗಡಿನ ಪೆಟ್ಟಿಗೆ ಸೇರಿತು. ಮೇಲೆ ಆರು ಲಿವರಿನ ಬೀಗ.

ಮರುದಿನದಿಂದ ದೈವಾನೈ ಕಾಡಿ ಕೊಡುವುದನ್ನು ನಿಲ್ಲಿಸಿದಳು. ಯಾರಿಗೂ ಹೇಳದೆ ಕೊಟ್ಟದ್ದನ್ನು ಯಾರಿಗೂ ಹೇಳದೆ ನಿಲ್ಲಿಸಿದರೆ ಎಲ್ಲ ಮೊದಲಿನಂತಾಗುತ್ತದೆ ಎಂದುಕೊಂಡಳು. ಅದೇ ಎರಡನೆಯ ತಪ್ಪು. ಅಷ್ಟು ಹೊತ್ತಿಗೆ ಮಾತ್ರೆ ಎರಡರಷ್ಟಾಗಿತ್ತು. ಮೂತ್ರದಲ್ಲಿ ಸೋಂಕಿದೆಯೆಂದು ಏಳು ದಿನದ ಬೇರೆ ಮಾತ್ರೆಯನ್ನೂ ಆಸ್ಪತ್ರೆಯವರು ಬರೆದಿದ್ದರು. ಮುರಿಯುವ ಜೀವಗಳು ಸತ್ತವೋ ಏನೋ, ಭೇದಿ ಮತ್ತೆ ಹಿಡಿಯಿತು, ಕೈ ನಡುಗತೊಡಗಿತು, ತಲೆ ಸಿಡಿಯಿತು. ಈಗ ಇಪ್ಪತ್ತೆರಡು.

ಕಾಗದವನ್ನಂತೂ ಅವಳು ಆ ಶುಕ್ರವಾರವೇ ಬರೆದಿದ್ದಳು. ಎರಡು ಹಾಳೆ. ಬರೆದು ಮಡಿಸಿ ಹುರುಳಿ ಡಬ್ಬಿಯಲ್ಲಿ ಇಟ್ಟಿದ್ದಳು. ಕವರು ಬೀಗದೊಳಗೆ, ಕೇಳಬೇಕಾದರೆ ಮಗನಿಗೆ ಹೇಳಬೇಕು, ಹೇಳಿದರೆ ಕಾಡಿ ಮುರಿಯುತ್ತದೆ. ಕೊಡುವುದು ನಿಲ್ಲಿಸಿದ್ದಾಳೆ, ಆದರೆ ಬಾಯಿ ಕಟ್ಟಿದ್ದು ನಲವತ್ತೆಂಟು ದಿನಕ್ಕೆ. ಅಷ್ಟಾದರೂ ಉಳಿಸಿಕೊಂಡರೆ ದೇವರು ಆ ಹುಡುಗಿಯನ್ನು ಬಿಟ್ಟಾನು ಎಂಬ ಆಸೆ. ಇವತ್ತಿಗೆ ನಲವತ್ತೈದು. ಇನ್ನು ಮೂರು ದಿನ. ಭಾನುವಾರ ಮುಗಿಯುತ್ತದೆ. ಸೋಮವಾರ ನಾಲ್ಕು ಜನ ಡಾಕ್ಟರು ಫೈಲು ತೆಗೆಯುತ್ತಾರೆ. ಆ ಫೈಲಿನಲ್ಲಿ ತೇನ್‌ಮೊಳಿ ಮಾತ್ರೆ ಕದ್ದವಳು.

ಚೆಲ್ಲಿದ ನೀರು ಒರೆಸುತ್ತಾ ದೈವಾನೈ ತಲೆಯೆತ್ತಿದಳು. ಸೊಸೆ ಮಂಚದ ಅಂಚು ಹಿಡಿದು ಕೂತು, ನಡುಗುವ ತನ್ನ ಬೆರಳುಗಳನ್ನೇ ಬೇರೆ ಯಾರದ್ದೋ ಎಂಬಂತೆ ನೋಡುತ್ತಿದ್ದಳು.

"ಅತ್ತೆ, ಡಯಾಲಿಸಿಸ್‌ಗೆ ಓದ್ರೆ ಮಾಮನ ಕಿಡ್ನಿ ಒಳಗೇ ಬಿಟ್ಟಿರ್ತಾರಾ, ತೆಗೀತಾರಾ?"

"ಅಂಥ ಮಾತೆಲ್ಲ ಯಾಕೆ ತಾಯಿ."

"ತೆಗೆದ್ರೆ ವಾಪಸ್ ಕೊಡೋಕಾಗ್ತದಾ ಅಂತ. ಪಾಪ, ಒಂದ್ರಲ್ಲೇ ಓಡಾಡ್ತಾ ಇದಾರೆ."

ಈ ಸಲ ಅವಳು ನಗಲಿಲ್ಲ.

ಒಂಬತ್ತಕ್ಕೆ ಐದು ನಿಮಿಷವಿತ್ತು. ತಂಗರಾಜ್ ಪೆಟ್ಟಿಗೆ ತಂದು ಮಂಚದ ಮೇಲಿಟ್ಟು, ಉಡಿದಾರದಿಂದ ಬೀಗದ ಕೈ ತೆಗೆದು ತಿರುಗಿಸಿದ. ಮುಚ್ಚಳ ತೆಗೆದಾಗ ದೈವಾನೈಗೆ ಫೈಲಿನ ಅಂಚಿನಲ್ಲಿ ಕವರಿನ ಬಿಳಿ ಮೂಲೆ ಕಂಡಿತು. ಅವಳು ಒರೆಸುವ ಬಟ್ಟೆ ಕೆಳಗಿಟ್ಟಳು.

"ತಂಗಾ, ಆ ಕವರು ಕೊಡಪ್ಪ."

"ಯಾವ ಕವರು?"

"ಸರಣ್ಯಾ ಕೊಟ್ಟದ್ದು. ನಾ ಕಾಗದ ಆಕ್ಬೇಕು."

"ನೀನಾ? ಯಾರಿಗೆ? ಏನಂತ?"

ದೈವಾನೈ ಒಮ್ಮೆ ಸೊಸೆಯ ಕಡೆ ನೋಡಿದಳು, ಒಮ್ಮೆ ಅಡುಗೆಮನೆಯ ಕತ್ತಲೆ ಮೂಲೆಯ ಕಡೆ. ನಲವತ್ತೊಂದು ವರ್ಷದ ಮಡಕೆ. ಬಾಯಿ ತೆಗೆದಳು.

"ನಾ ಅವಳಿಗೆ ಕಾಡಿ ಕೊಟ್ಟೆ. ಮೂವತ್ತೊಂದು ದಿನ. ಗಂಜೀಲಿ ಬೆರಸಿ. ಅವಳಿಗೂ ಏಳ್ಳಿಲ್ಲ, ನಿಂಗೂ ಏಳ್ಳಿಲ್ಲ. ನೀ ಬೀಗ ಆಕಿ ಕೊಟ್ಟ ಮಾತ್ರೇನ ಆ ಕಾಡೀನೇ ತಿಂದಿರ್ಬೇಕು. ಆಮೇಲೆ ಭಯ ಬಿದ್ದು ನಿಲ್ಲಿಸ್ದೆ. ಅದಕ್ಕೇ ಈಗ ಏರಿದೆ. ಅವಳು ಒಂದು ಮಾತ್ರೇನೂ ತಪ್ಪಿಸಿಲ್ಲಪ್ಪ. ನೀನು ಅವಳ ನಾಲಗೆ ಎತ್ತಿಸ್ದೆ. ನಾ ನೋಡ್ತಾ ನಿಂತಿದ್ದೆ."

ತಂಗರಾಜನ ಕೈಯಲ್ಲಿ ಮಾತ್ರೆಯ ಹಾಳೆ ಹಾಗೇ ಉಳಿಯಿತು. ಅವನು ಮೊದಲು ನಂಬದವನ ಹಾಗೆ ನಕ್ಕ. ಆಮೇಲೆ ಆ ನಗು ಮುಖದಲ್ಲೇ ಕೆಟ್ಟುಹೋಯಿತು.

"ಬೆಳಗ್ಗೆ ರಾತ್ರಿ ನಾನು ಇವಳನ್ನ ಕಳ್ಳಿ ತರ..." ಮಾತು ಮುಗಿಯಲಿಲ್ಲ. ಎದ್ದ. ಅಡುಗೆಮನೆಗೆ ನುಗ್ಗಿದ. ಮಡಕೆಯ ಕಂಠಕ್ಕೆ ಕೈ ಹಾಕಿ ಎತ್ತಿದ. ಎಡಗಡೆಯ ಹೊಲಿಗೆ ಎಳೆದು, ಮುಖ ಕಿವುಚಿತು. ದೈವಾನೈ ತಡೆಯಲಿಲ್ಲ. ಒಡೆಯಲಿ ಎಂದೇ ನಿಂತಿದ್ದಳು.

"ಮಾಮಾ, ಒಡೀಬೇಡಿ!"

ತೇನ್‌ಮೊಳಿ ಗೋಡೆ ಹಿಡಿದು ಬಾಗಿಲವರೆಗೆ ಬಂದಿದ್ದಳು. "ಒಡೆದ್ರೆ ಡಾಕ್ಟರಿಗೆ ಏನು ತೋರಿಸ್ತೀರಿ? ಚೂರು ಆರಿಸ್ಕೊಂಡು ಓಗ್ತೀರಾ?"

ಅವನು ಮಡಕೆ ಹಿಡಿದೇ ನಿಂತ. ಕಾಡಿ ತುಳುಕಿ ಅಂಗಿಯ ಮೇಲೆ ಚೆಲ್ಲಿತು.

"ನಂಗೆ ಮೊದಲ್ನೇ ದಿನಾನೇ ಗೊತ್ತಾತು," ಎಂದಳು ತೇನ್‌ಮೊಳಿ. "ನಮ್ಮವ್ವನ ಮಡಕೇದೂ ಇದೇ ಹುಳಿ. ನನ್ನ ನಾಲಗೆಗೆ ತಿಳೀದಾ?"

ದೈವಾನೈ ಹೊಸ್ತಿಲ ಮೇಲೆ ಕೂತಳು. "ಗೊತ್ತಿದ್ದು ಸುಮ್ನಿದ್ಯಾ? ಇವನು ಅಷ್ಟು ಮಾಡಿದ್ರೂ?"

"ಕುಡಿದೋರು ಕೇಳಬಾರ್ದು ಅಂತ ನಮ್ಮವ್ವಾನೂ ಏಳಿದ್ಳಲ್ಲ ಅತ್ತೆ. ನಾ ಬಾಯಿಬಿಟ್ಟು ಮುರಿದ್ರೆ? ಭೇದಿ ನಿಂತಿತ್ತು. ಎರಡು ತಿಂಗಳಲ್ಲಿ ಉಂಡದ್ದು ನನ್ನಲ್ಲೇ ಉಳಿದದ್ದು ಆಗಲೇ." ಉಸಿರು ಎಳೆದುಕೊಂಡಳು. "ನೀವು ನಿಲ್ಲಿಸಿದ ದಿನಾನೂ ತಿಳೀತು. ಕೇಳೋಕಾಗಲಿಲ್ಲೆ. ನಾನೂ ಎಣಿಸ್ತಾನೇ ಇದೀನಿ. ಇವತ್ತು ನಲವತ್ತೈದು."

ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಒಂದೇ ಎಣಿಕೆ ಎಣಿಸುತ್ತಾ, ಒಬ್ಬಳು ಇನ್ನೊಬ್ಬಳನ್ನು ಉಳಿಸುತ್ತೇನೆಂದು ಬಾಯಿ ಕಟ್ಟಿಕೊಂಡು, ನಡುವಿನ ಕಿಡ್ನಿಯನ್ನು ಕೊಲ್ಲುತ್ತಾ ಬಂದಿದ್ದರು.

ತಂಗರಾಜ್ ಮಡಕೆಯನ್ನು ಮೆಲ್ಲಗೆ ಅದರ ಹುಲ್ಲಿನ ಸಿಂಬಿಯ ಮೇಲೆ ಇಳಿಸಿದ. ಫೋನು ತೆಗೆದು ಆಸ್ಪತ್ರೆಗೆ ಹಚ್ಚಿದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದ. ಯಾರೋ ಎತ್ತಿ, ಡಾಕ್ಟರು ಆಪರೇಷನ್ನಿನಲ್ಲಿದ್ದಾರೆ, ಸರಣ್ಯಾ ಶನಿವಾರ ಬರುತ್ತಾರೆ, ಆಹಾರದ ವಿಷಯವಾದರೆ ಸೋಮವಾರ ಹೇಳಿ ಎಂದು ಇಟ್ಟುಬಿಟ್ಟರು.

"ಈಗಿನ ಮಾತ್ರೆ?" ಎಂದು ಅವನು ಕೈಯಲ್ಲಿದ್ದ ಹಾಳೆ ನೋಡಿದ.

"ನಿನ್ನೆ ಡಾಕ್ಟರು ಎಷ್ಟು ಏಳಿದ್ರೋ ಅಷ್ಟೇ ಕೊಡು," ಎಂದಳು ದೈವಾನೈ. "ನಮ್ಮ ಬುದ್ಧಿ ಓಡಿಸಿದ್ದು ಸಾಕು."

ಅವನು ಕೊಟ್ಟ. ತೇನ್‌ಮೊಳಿ ನುಂಗಿ, ಅಭ್ಯಾಸಬಲದಿಂದ ಬಾಯಿ ತೆಗೆದು ನಾಲಗೆ ಎತ್ತಿದಳು. ತಂಗರಾಜ್ ಮುಖ ತಿರುಗಿಸಿಕೊಂಡು ಗೋಡೆಗೆ ಹಣೆ ಒತ್ತಿದ. ಅವನ ಬೆನ್ನು ಅಲುಗುತ್ತಿತ್ತು. ದೈವಾನೈ ಹೋಗಿ ಹುರುಳಿ ಡಬ್ಬಿಯಿಂದ ಕಾಗದ ತಂದಳು.

ಅವನು ಓದಿದ. ದಪ್ಪ ದಪ್ಪ ಅಕ್ಷರ, ಒಂದೊಂದೂ ಬೇರೆ ಬೇರೆ ನಿಂತದ್ದು.

"ಡಾಕ್ಟರ್ ಅಯ್ಯಾ ಅವರಿಗೆ ತೇವಾರಂ ದೈವಾನೈ ಬರೆಯುವುದು. ನನ್ನ ಸೊಸೆ ಸುಳ್ಳು ಹೇಳುವವಳಲ್ಲ. ನಮ್ಮ ಮನೆಯ ಕಾಡಿಯನ್ನು ದಿನಕ್ಕೆ ಒಂದು ಸೌಟು ನಾನು ಗಂಜಿಯಲ್ಲಿ ಕೊಟ್ಟೆ. ಕೊಟ್ಟ ದಿನದ ಹಾಳೆಗಳನ್ನು ದಾರದಲ್ಲಿ ಪೋಣಿಸಿ ಇಟ್ಟಿದ್ದೇನೆ, ಅದೂ ಇದರಲ್ಲಿದೆ. ಭೇದಿ ನಿಂತ ದಿನದ ಹಾಳೆಯ ಮೂಲೆ ಮಡಿಸಿದ್ದೇನೆ. ಕಾಡಿಯಿಂದಲೇ ಆಯಿತೋ ಬೇರೆಯದರಿಂದಲೋ ನನಗೆ ತಿಳಿಯದು. ತಿಳಿದವರು ನೀವು. ಬೈಯುವುದಾದರೆ ನನ್ನನ್ನು ಬೈಯಿರಿ. ಅವಳನ್ನು ಕೈ ಬಿಡಬೇಡಿ."

ತಂಗರಾಜ್ ಜೇಬಿನಿಂದ ಪೆನ್ನು ತೆಗೆದು, ಕೆಳಗೆ ತನ್ನ ಅಕ್ಷರದಲ್ಲಿ ಸೇರಿಸಿದ: "ಮಾತ್ರೆ ಬೀಗದಲ್ಲಿತ್ತು. ಬೀಗದ ಕೈ ನನ್ನ ಬಳಿ ಇತ್ತು. ಅವಳು ಒಂದೂ ತಪ್ಪಿಸಿಲ್ಲ. ತಂಗರಾಜ್, ಗಂಡ." ಆಮೇಲೆ ಸ್ವಲ್ಪ ಯೋಚಿಸಿ, ಅವ್ವ ಕಾಡಿ ನಿಲ್ಲಿಸಿದ ತಾರೀಕು, ಮಾತ್ರೆ ಏರಿಸಿದ ತಾರೀಕು, ಸೋಂಕಿನ ಮಾತ್ರೆ ಶುರುವಾದ ತಾರೀಕು, ಮೂರನ್ನೂ ಚೀಟಿ ನೋಡಿ ನೋಡಿ ಬರೆದ.

ಬೈಕಿನಲ್ಲಿ ಬಿಡುತ್ತೇನೆ ಎಂದ. ಅವಳು ಬೇಡವೆಂದಳು, ತೇನ್‌ಮೊಳಿಯನ್ನು ಒಂಟಿ ಬಿಡುವ ಹಾಗಿರಲಿಲ್ಲ. ಬಿಸಿಲಿನಲ್ಲಿ ನಡೆದೇ ಹೋದಳು. ಕವರನ್ನು ಎದೆಗೆ ಒತ್ತಿ ಹಿಡಿದಿದ್ದಳು. ಒಳಗಿನ ಹಾಳೆಗಳಿಂದ ಅರಿಸಿನದ ವಾಸನೆ ಬರುತ್ತಿತ್ತು. ದಾರಿಯಲ್ಲಿ ಎರಡು ಸಲ ನಿಂತಳು. ಬಾಯಿ ಬಿಟ್ಟಾಯಿತು, ಕಾಡಿ ಮುರಿಯಿತು. ಈಗ ಮನೆಯಲ್ಲಿ ಏನಾಗುತ್ತಿದೆಯೋ, ಹುಡುಗಿ ಬಿದ್ದಳೋ ಏನೋ ಎಂದು ಹಿಂದೆ ತಿರುಗಿ ನೋಡಿದಳು. ಎರಡು ಸಲವೂ ಮುಂದಕ್ಕೇ ಹೋದಳು.

ಅಂಚೆ ಕಚೇರಿಯ ಕಿಟಕಿಯಲ್ಲಿ ಪೊನ್ನುತಾಯಿ ಕೂತಿದ್ದಳು, ಅವರದೇ ಬೀದಿಯವಳು. "ಏನ್ ದೈವಾನಕ್ಕ, ಈ ವಯಸ್ಸಲ್ಲಿ ಕಾಗದಾನಾ? ಯಾರವನು?"

"ಡಾಕ್ಟರು."

"ಆಹಾ, ಓದು ಕಲಿತವನ್ನೇ ಇಡಿದೀ." ನಗುತ್ತಾ ತೂಕಕ್ಕೆ ಹಾಕಿದವಳು ದೈವಾನೈಯ ಮುಖ ನೋಡಿ ನಗು ನಿಲ್ಲಿಸಿದಳು. "ಒಳಗೇನಿದೆ ಇಷ್ಟು ದಪ್ಪ? ಅಂಟಿಸಿದ ಸ್ಟಾಂಪು ಸಾಲದು. ಸ್ಪೀಡ್ ಪೋಸ್ಟಲ್ಲಿ ಆಕ್ಲಾ?"

"ಶನಿವಾರದೊಳಗೆ ದಿಂಡಿಗಲ್ ಮುಟ್ಟಬೇಕು ಪೊನ್ನು. ಸೋಮವಾರ ಅಂದ್ರೆ ಬೇಡ, ಪ್ರಯೋಜನ ಇಲ್ಲ."

"ಇವತ್ತಿನ ಚೀಲ ಇನ್ನೂ ಕಟ್ಟಿಲ್ಲ. ನಾಳೆಗೇ ಮುಟ್ಟಬೋದು. ಆದ್ರೆ ನಾ ಮಾತು ಕೊಡಂಗಿಲ್ಲ ಅಕ್ಕ."

"ಕೊಡಬೇಡ. ಕಳಿಸು."

ಪೊನ್ನುತಾಯಿ ಕವರಿನ ಮೇಲೆ ಉದ್ದನೆಯ ಚೀಟಿ ಅಂಟಿಸಿ, ಮುದ್ರೆಯನ್ನು ಎತ್ತಿ ಎರಡು ಸಲ ಬಡಿದಳು. ಹಿಂದಕ್ಕೆ ಬಾಗಿ ಅದನ್ನು ಚೀಲದೊಳಗೆ ಹಾಕಿದಳು. ರಸೀತಿ ಚಾಚಿದಳು. ದೈವಾನೈ ಅದನ್ನು ತೆಗೆದುಕೊಂಡು ಸೆರಗಿನ ಗಂಟಿಗೆ ಕಟ್ಟಿ, ಕಿಟಕಿಯ ಕಂಬಿ ಹಿಡಿದು ಅಲ್ಲೇ ನಿಂತಳು, ಚೀಲದ ಬಾಯಿ ಕಟ್ಟಿ ಅರಗು ಹಚ್ಚುವವರೆಗೆ.